ಪ್ಲಂಬರ್‌ಗೆ ಬೈಯುವ ಮೊದಲು ವಾಲ್ವ್ ಎಲ್ಲಿದೆ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪತ್ರದಲ್ಲಿ ಓದುಗರೊಬ್ಬರು ಪ್ಲಂಬರ್‌ಗಳ ಮೇಲೆ ಹರಿಹಾಯ್ದಿದ್ದರು. ಐದು ನಿಮಿಷದ ಕೆಲಸಕ್ಕೆ ನಾನೂರು ರೂಪಾಯಿ ಕೇಳುತ್ತಾರೆ, ಇವತ್ತು ಬರ್ತೀನಿ ಅಂದವರು ನಾಲ್ಕು ದಿನ ಪತ್ತೆ ಇರುವುದಿಲ್ಲ, ಫೋನ್ ಎತ್ತುವುದಿಲ್ಲ, ಇವರಿಗೆಲ್ಲ ಸರ್ಕಾರ ಒಂದು ರೇಟು ಕಟ್ಟಬೇಕು ಅಂತ. ಓದಿ ನಗು ಬಂತು. ಯಾಕೆಂದರೆ 2024ರ ಬೇಸಿಗೆಯಲ್ಲಾಗಿದ್ದರೆ ಆ ಪತ್ರವನ್ನು ನಾನೇ ಬರೆದು ಹಾಕುತ್ತಿದ್ದೆ. ಈಗ ಬರೆಯುವುದಿಲ್ಲ. ನಮ್ಮ ಮನೆಯ ಬಗ್ಗೆ ನಮಗೇ ಏನೂ ಗೊತ್ತಿಲ್ಲದಿರುವುದಕ್ಕೆ ಆ ಬಡಪಾಯಿಯನ್ನು ಬೈಯುವುದು ಯಾವ ನ್ಯಾಯ?

ಆ ಬೇಸಿಗೆ ನಿಮಗೂ ನೆನಪಿರಬೇಕು. ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿ, ಕೊನೆಗೆ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ ಅಂತ ಗೊತ್ತು ಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಬೀದಿಯಲ್ಲಿ ಪೈಪು ಹಿಡಿದು ಕಾರು ತೊಳೆಯುವವರನ್ನು ನೋಡಿ ನಾನು ಕಿಟಕಿಯಿಂದಲೇ ಗೊಣಗುತ್ತಿದ್ದೆ. ಅದೇ ಹೊತ್ತಿಗೆ ನಮ್ಮ ಬಚ್ಚಲಿನ ನಲ್ಲಿ ಹಗಲೂ ರಾತ್ರಿ ಟಪ್ ಟಪ್ ಅಂತ ಸೋರುತ್ತಿತ್ತು. ದಂಡ ಹಾಕುವವರು ಒಳಗೆ ಬಂದು ನೋಡಲಿಲ್ಲ, ಅಷ್ಟೇ.

ನಮ್ಮ ಅತ್ತೆಗೆ ನಿದ್ದೆ ಕಮ್ಮಿ. ಆ ಸದ್ದು ಕೇಳಿ ಕೇಳಿ ಬೇಸತ್ತು ಒಂದು ರಾತ್ರಿ ಹತ್ತು ಗಂಟೆಗೆ ನಲ್ಲಿ ಕೆಳಗೆ ಸ್ಟೀಲ್ ಪಾತ್ರೆ ಇಟ್ಟರು. ಬೆಳಿಗ್ಗೆ ಆರಕ್ಕೆ ಲೀಟರ್ ಚೊಂಬಿನಲ್ಲಿ ಅಳೆದರೆ ಏಳು ಚೊಂಬು. ಎಂಟು ಗಂಟೆಗೆ ಏಳು ಅಂದರೆ ದಿನಕ್ಕೆ ಇಪ್ಪತ್ತೊಂದು, ತಿಂಗಳಿಗೆ ಆರುನೂರ ಚಿಲ್ಲರೆ, ವರ್ಷಕ್ಕೆ ಏಳೂವರೆ ಸಾವಿರ ಲೀಟರ್ ದಾಟುತ್ತದೆ. ಒಂದು ಟ್ಯಾಂಕರ್‌ಗಿಂತ ಜಾಸ್ತಿ! ಈ ಕಾವೇರಿ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದಾರಿಯುದ್ದಕ್ಕೂ ಪಂಪ್ ಮೇಲೆ ಪಂಪ್ ಇಟ್ಟು ಎತ್ತಿಸಿಕೊಂಡು ಬರುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಬರುತ್ತದೆ ಅಂತ ನಿಮ್ಮ ಪತ್ರಿಕೆಯ ಮುಖಪುಟದಲ್ಲೇ ಇತ್ತು. ಬರಲಿ, ಸಂತೋಷ. ಆದರೆ ಅಷ್ಟು ದೂರದಿಂದ ಬಂದದ್ದು ನಮ್ಮ ಬಚ್ಚಲಿನ ಮೋರಿಗೆ ಹೋಗುವುದಕ್ಕೆ ಕಾರಣ ಒಂದು ರಬ್ಬರ್ ಬಿಲ್ಲೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಪ್ಲಂಬರ್‌ಗೆ ಫೋನ್ ಮಾಡಿದೆ. ನಾಳೆ ಅಂದರು. ಮತ್ತೆ ಮಾಡಿದೆ, ನಾಡಿದ್ದು ಅಂದರು. ಐದನೇ ದಿನ ನನ್ನ ದನಿ ಸ್ವಲ್ಪ ಏರಿತು ಅನ್ನಿಸುತ್ತದೆ. ಆ ಮನುಷ್ಯ ಸಿಟ್ಟು ಮಾಡಿಕೊಳ್ಳದೆ, "ಅಕ್ಕಾ, ಅದು ವಾಷರ್ ಹೋಗಿರೋದು ಅಷ್ಟೇ. ಮೇಲೆ ಹೋಗಿ ಬಚ್ಚಲಿನ ವಾಲ್ವ್ ಕ್ಲೋಸ್ ಮಾಡಿ, ಆಮೇಲೆ ಫೋನ್ ಮಾಡಿ, ಹೇಳ್ತೀನಿ" ಅಂದರು.

ಆ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇದ್ದೆವು. ಬಚ್ಚಲಿನ ವಾಲ್ವ್ ಯಾವುದು? ಟೆರೇಸಿಗೆ ಹೋಗಿ ನೋಡಿದರೆ ಎರಡು ಸಿಂಟೆಕ್ಸ್, ಅವುಗಳ ಕೆಳಗೆ ನಾಲ್ಕು ವಾಲ್ವು, ಅಡ್ಡಾದಿಡ್ಡಿ ಪೈಪು, ಜಾಯಿಂಟ್‌ಗಳ ಮೇಲೆ ಯಾರೋ ಮೆತ್ತಿದ ಎಂ-ಸೀಲ್ ಉಂಡೆಗಳು. ಒಂದೊಂದೇ ವಾಲ್ವ್ ತಿರುಗಿಸುವುದು, ಕೆಳಗೆ ಮಗಳು ಎಲ್ಲ ನಲ್ಲಿ ಬಿಟ್ಟುಕೊಂಡು ನಿಂತು "ಅಡುಗೆಮನೆ ನಿಂತಿತು!", "ಇಲ್ಲಮ್ಮಾ, ಬರ್ತಾನೇ ಇದೆ!" ಅಂತ ಕೂಗುವುದು. ಮೂರನೆಯದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟು, ಪ್ಲಂಬರ್ ಹೇಳಿದ ಹಾಗೆ ಒಂದೇ ಕಡೆ ಜೋರು ಮಾಡದೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ, ಅರ್ಧ ಗಂಟೆಯಾದ ಮೇಲೆ ಬಂತು. ಅಲ್ಲೇ ಕೂತು ಮಗಳ ಕೆಂಪು ನೇಲ್ ಪಾಲಿಶ್‌ನಲ್ಲಿ ನಾಲ್ಕರ ಮೇಲೂ ಬರೆದೆ: ಅಡುಗೆಮನೆಗೆ ಅ, ಬಚ್ಚಲಿಗೆ ಬ, ಹಿತ್ತಲು, ಟಾಯ್ಲೆಟ್. ಬಿಸಿಲಿಗೆ ಸ್ವಲ್ಪ ಮಾಸಿದ್ದು ಬಿಟ್ಟರೆ ಇವತ್ತಿಗೂ ಇದೆ. ಆ ಮನೆ ಬಿಟ್ಟು ಬಂದ ಮೇಲೆ ಅಲ್ಲಿಗೆ ಬಂದವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು ಅಂದರೆ ನಂಬುತ್ತೀರಾ?

ಆಮೇಲಿನದ್ದು ನಿಜಕ್ಕೂ ಐದು ನಿಮಿಷದ ಕೆಲಸ. ನಮ್ಮದು ಹಳೇ ಕಾಲದ ಹಿತ್ತಾಳೆ ನಲ್ಲಿ, ನಿಲ್ಲಿಸಬೇಕಾದರೆ ಮೂರ್ನಾಲ್ಕು ಸುತ್ತು ತಿರುಗಿಸಬೇಕಾದಂಥದ್ದು. ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಪೈಪಿನಲ್ಲಿರುವ ನೀರೆಲ್ಲ ಹೋಗಲು ಬಿಡಬೇಕು. ಪಾಲಿಶ್ ಕೆರೆಯದ ಹಾಗೆ ಹಳೇ ಬಟ್ಟೆ ಸುತ್ತಿ ಪಾನಾ ಹಾಕಿ ತಿರುಗಿಸಿದರೆ ಮೇಲಿನ ಭಾಗ ಪೂರ್ತಿ ಕೈಗೆ ಬರುತ್ತದೆ. ಅಂಗಡಿಯವರು ಅದಕ್ಕೆ ಸ್ಪಿಂಡಲ್ ಅನ್ನುತ್ತಾರೆ. ಅದರ ತುದಿಯಲ್ಲಿ ಕೂತಿತ್ತು ನಮ್ಮ ವರ್ಷದ ಟ್ಯಾಂಕರ್ ನೀರು ಕುಡಿದ ಬಿಲ್ಲೆ. ಕಲ್ಲಿನ ಹಾಗೆ ಗಟ್ಟಿಯಾಗಿ, ನಡುವೆ ಬಳೆ ಒತ್ತಿಟ್ಟ ಹಾಗೆ ದುಂಡಗೆ ಗುರುತು ಬಿದ್ದಿತ್ತು. ಒಂದು ಕಡೆ ಚೂರು ಕಿತ್ತುಹೋಗಿತ್ತು. ನಲ್ಲಿಯ ಒಳಗೆ ಬೆರಳು ಹಾಕಿ ಆ ಬಿಲ್ಲೆ ಕೂರುವ ಜಾಗ ನುಣ್ಣಗಿದೆಯಾ ನೋಡಿ ಅಂತ ಪ್ಲಂಬರ್ ಫೋನಿನಲ್ಲಿ ಹೇಳಿದರು. ಅಲ್ಲಿ ತರಿತರಿ ಇದ್ದರೆ ಹೊಸ ವಾಷರ್ ಕೂಡ ಬೇಗ ಹೋಗುತ್ತದಂತೆ. ನಮ್ಮದು ನುಣ್ಣಗೇ ಇತ್ತು.

ಹಾರ್ಡ್‌ವೇರ್ ಅಂಗಡಿಗೆ ನಾನೂ ನಮ್ಮವರೂ ಹೋದೆವು. ಹಳೇ ಬಿಲ್ಲೆ ನನ್ನ ಅಂಗೈಯಲ್ಲಿ. ಕೇಳಿದವಳು ನಾನು, ಅಂಗಡಿಯವರು ಉತ್ತರ ಕೊಟ್ಟಿದ್ದು ಅವರಿಗೆ. "ಅರ್ಧ ಇಂಚಿಂದಾ ಸಾರ್, ರಬ್ಬರ್ ಬೇಕಾ ನೈಲಾನ್ ಬೇಕಾ?" ಪಾಪ, ನಮ್ಮವರಿಗೆ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಬಿಗಿಯೋ ಸಡಿಲವೋ ಅನ್ನುವುದೂ ಗೊತ್ತಿಲ್ಲ, ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು. ಹತ್ತು ರೂಪಾಯಿಗೆ ನಾಲ್ಕು ಕೊಟ್ಟರು. ಮೂರು ಇನ್ನೂ ಮಸಾಲೆ ಡಬ್ಬಿ ಪಕ್ಕದ ಡಬ್ಬಿಯಲ್ಲಿವೆ.

ಈಗ ಹೇಳಿ, ನಾಲ್ಕು ಕಡೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಪೆಟ್ರೋಲ್ ಹಾಕಿಕೊಂಡು, ಬಂದ ಮೇಲೆ ವಾಲ್ವ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದೆ ಟೆರೇಸಿನಲ್ಲಿ ಅರ್ಧ ಗಂಟೆ ಹುಡುಕಿ, ಬಿಲ್ಲೆ ತರಲು ಇನ್ನೊಮ್ಮೆ ಅಂಗಡಿಗೆ ಹೋಗಿ ಬಂದು, ಎರಡೂವರೆ ರೂಪಾಯಿಯ ಬಿಲ್ಲೆ ಹಾಕಿದ್ದಕ್ಕೆ ಅವರು ಎಷ್ಟು ಕೇಳಬೇಕು? ನಾನೂರು ಜಾಸ್ತಿ ಏನಲ್ಲ. ಅವರಿಗೆ ಈ ಕೆಲಸ ಬೇಡವೇ ಬೇಡ. ಒಂದು ಹೊಸ ಮನೆಯ ಲೈನ್ ಎಳೆಯುವ ಕೆಲಸ ಕೈಯಲ್ಲಿರುವವರು ನಮ್ಮ ಟಪ್ ಟಪ್‌ಗೆ ಯಾಕೆ ಓಡಿ ಬರುತ್ತಾರೆ? ಅದನ್ನು ನಾವೇ ಮಾಡಿಕೊಳ್ಳಬೇಕು, ಅವರಿಗೆ ಅವರ ಕೆಲಸ ಬಿಡಬೇಕು, ಕರೆದಾಗ ಚೌಕಾಶಿ ಮಾಡದೆ ದುಡ್ಡು ಕೊಡಬೇಕು. ನಾನು ಹೇಳಬೇಕಾಗಿದ್ದು ಇಷ್ಟೇ, ಆದರೆ ಬರೆಯಲು ಕೂತ ಮೇಲೆ ಇನ್ನೂ ನಾಲ್ಕು ಮಾತು ಹೇಳದಿದ್ದರೆ ಸಮಾಧಾನ ಇಲ್ಲ.

ನಾನೇನು ಒಂದೇ ಸಲಕ್ಕೆ ಕಲಿತೆ ಅಂತಲ್ಲ. ಒಂದು ನಲ್ಲಿ ರಿಪೇರಿ ಮಾಡಿ ಧೈರ್ಯ ಬಂದು, ಹಿತ್ತಲಿಗೆ ಹೊಸ ನಲ್ಲಿ ತಂದು ನಾನೇ ಕೂರಿಸಿದೆ. ಬಿಳಿ ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಚೆನ್ನಾಗಿ ಸುತ್ತಿದೆ, ತಿರುಗಿಸುತ್ತಾ ಹೋದ ಹಾಗೆ ಟೇಪೆಲ್ಲ ಸುರುಳಿ ಬಿಚ್ಚಿಕೊಂಡು ಶಾವಿಗೆಯ ಹಾಗೆ ಹೊರಗೆ ಬಂತು. ಉಲ್ಟಾ ಸುತ್ತಿದ್ದೆ. ಮರೆಯ ತುದಿಯನ್ನು ನಮ್ಮ ಕಡೆ ಹಿಡಿದುಕೊಂಡು ಗಡಿಯಾರದ ಮುಳ್ಳು ಹೋಗುವ ಕಡೆಗೆ ಸುತ್ತಬೇಕು, ಆಗ ನಲ್ಲಿ ಬಿಗಿಯಾದಷ್ಟೂ ಟೇಪೂ ಬಿಗಿಯುತ್ತದೆ. ಇನ್ನೊಂದು, ಬಿಗಿ ಮಾಡಿದಷ್ಟೂ ಒಳ್ಳೆಯದು ಅನ್ನುವುದು ಶುದ್ಧ ಸುಳ್ಳು. ಗೋಡೆಯ ಒಳಗಿನ ಎಲ್ಬೋ, ಅಂದರೆ ಪೈಪಿನ ತಿರುವಿನ ಜಾಯಿಂಟ್, ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕು, ಆಮೇಲೆ ನಾನೂರಲ್ಲ, ನಾಲ್ಕು ಸಾವಿರಕ್ಕೂ ಮುಗಿಯುವುದಿಲ್ಲ.

ನಮ್ಮ ಎದುರುಮನೆಯವರದು ಬೇರೆ ಕಥೆ. ಅಡುಗೆಮನೆ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತದೆ, ಪ್ರೆಷರ್ ಇಲ್ಲ ಅಂತ ಪ್ರೆಷರ್ ಪಂಪ್ ಹಾಕಿಸಲು ಹೊರಟಿದ್ದರು. ಅಡ್ವಾನ್ಸ್ ಕೊಡುವುದೊಂದು ಬಾಕಿ. ನಲ್ಲಿಯ ಬಾಯಿಗೆ ಇರುತ್ತದಲ್ಲ ಜರಡಿಯಂಥ ಏರಿಯೇಟರ್, 2024ರಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು ಹೋಟೆಲುಗಳಿಗೆಲ್ಲ ಕಡ್ಡಾಯ ಮಾಡಿದ್ದು, ಅದನ್ನು ತಿರುಗಿಸಿ ತೆಗೆದೆ. ಬೋರ್ ನೀರಿನ ಸುಣ್ಣ ಕಟ್ಟಿ ಬೆಳ್ಳಗೆ ರವೆಯ ಹಾಗೆ ತುಂಬಿತ್ತು. ಒಂದು ಬಟ್ಟಲಲ್ಲಿ ನಿಂಬೆರಸ ಹಿಂಡಿ ರಾತ್ರಿಯಿಡೀ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ಹಾಕಿದರೆ ಬೆಳಿಗ್ಗೆ ಸೊರ್ರನೆ ನೀರು. ಪಂಪಿನ ಮಾತು ಅಲ್ಲಿಗೇ ನಿಂತಿತು. ಅವರು ಈಗ ನನ್ನನ್ನು "ಇಂಜಿನಿಯರ್ ಆಂಟಿ" ಅಂತ ಕರೆಯುತ್ತಾರೆ, ತಮಾಷೆಗೋ ನಿಜಕ್ಕೋ ಗೊತ್ತಾಗುವುದಿಲ್ಲ.

ಆದರೆ ಯೋಚಿಸಿ ನೋಡಿದರೆ ನಾವು ಹೆಂಗಸರು ರಿಪೇರಿ ಮಾಡುತ್ತಲೇ ಬಂದಿದ್ದೇವೆ. ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸುವವರು ಯಾರು? ಸೇಫ್ಟಿ ವಾಲ್ವ್ ಹೋಗಿದೆ ಅಂತ ಗುರುತು ಹಿಡಿದು ಅದೇ ಕಂಪನಿಯದ್ದು ಹುಡುಕಿ ತರುವವರು, ಬಾಣಲೆ ಹಿಡಿಯ ಸ್ಕ್ರೂ ಚಾಕುವಿನ ತುದಿಯಲ್ಲಿ ಬಿಗಿ ಮಾಡುವವರು, ಮಿಕ್ಸಿ ಜಾರಿನ ತಳದ ರಬ್ಬರ್ ಸವೆದಿದೆ ಅಂತ ಸದ್ದಿನಲ್ಲೇ ಹೇಳುವವರು? ಅಡುಗೆಮನೆಯೊಳಗೆ ಆದರೆ ಅದಕ್ಕೆ ರಿಪೇರಿ ಅನ್ನುವ ಹೆಸರಿಲ್ಲ. ಹೊರಗೆ ಟೆರೇಸಿನಲ್ಲಿ ಆದರೆ ಅದು ಗಂಡಸರ ಕೆಲಸ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಹೀಗೇ ಇತ್ತು. ಮುಂಗಾರಿಗೆ ಮೊದಲು ಅಪ್ಪ, ಅಣ್ಣ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಮಂಗಗಳು ಒಡೆದದ್ದನ್ನು ತೆಗೆದು, ಸರಿದದ್ದನ್ನು ರೀಪಿನ, ಅಂದರೆ ಹಂಚು ಕೂರುವ ಮರದ ಪಟ್ಟಿಯ, ಮೇಲೆ ಮತ್ತೆ ಕೂರಿಸುವುದು. ಹಂಚಿನ ನಡುವೆ ಕಾಲಿಡಬಾರದು, ಕೆಳಗೆ ಭಾರ ಹೊರುವ ಮರದ ಪಕಾಸು ಎಲ್ಲಿದೆ ಅಂತ ಅಂದಾಜು ಮಾಡಿ ಅದರ ಮೇಲೇ ಹೆಜ್ಜೆ ಇಡಬೇಕು. ಅಣ್ಣನಿಗೆ ಅದನ್ನು ಅಪ್ಪ ಹೇಳಿಕೊಟ್ಟಿದ್ದು ನನಗೆ ಇನ್ನೂ ಬಾಯಿಪಾಠ, ಯಾಕೆಂದರೆ ಕೆಳಗೆ ನಿಂತು ಹಂಚು ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ಒಂದು ಸಲವೂ ಮೇಲೆ ಹತ್ತಲು ಬಿಡಲಿಲ್ಲ.

ಹಾಗಂತ ಎಲ್ಲದಕ್ಕೂ ಕೈ ಹಾಕಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಕರೆಂಟ್ ಸೋರಿದರೆ ಜೀವ ಹೋಗುತ್ತದೆ. ಹೋದ ಚಳಿಗಾಲದಲ್ಲಿ ಸ್ನಾನಕ್ಕೆ ನಿಂತಾಗ ಶವರ್ ಹಿಡಿ ಮುಟ್ಟಿದರೆ ಕೈ ಸಣ್ಣಗೆ ಜುಮ್ ಅನ್ನುತ್ತಿತ್ತು. ಚಳಿಗೆ ಇರಬಹುದು ಅಂದುಕೊಂಡೆ, ಮಗಳೂ ಅದನ್ನೇ ಹೇಳಿದ ಮೇಲೆ ಗೀಸರ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೆದೆ. ಗೀಸರ್ ಒಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು. ಅದಕ್ಕಿಂತ ದೊಡ್ಡದು ಏನೆಂದರೆ, ಸಾಕೆಟ್ ಬಿಚ್ಚಿ ನೋಡಿದರೆ ಅರ್ತ್ ವೈರೇ ಕೊಟ್ಟಿರಲಿಲ್ಲ. ಮೂರು ಪಿನ್ನಿನ ಸಾಕೆಟ್, ಮೇಲಿನ ದಪ್ಪ ತೂತು ಸುಮ್ನೆ ಶೋಕಿಗೆ! ಆ ದಪ್ಪ ಪಿನ್ನು ಉದ್ದ ಇರುವುದೇ ಉಳಿದೆರಡಕ್ಕಿಂತ ಮೊದಲು ತಾಗಲಿ, ಮೈಗೆ ಬರುವ ಕರೆಂಟ್ ಭೂಮಿಗೆ ಹೋಗಲಿ ಅಂತ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿ ಮನೆಯ ವಿದ್ಯುತ್ ಮಂಡಲದ ಚಿತ್ರ ಬರೆದು ಪೂರ್ತಿ ಅಂಕ ತಗೊಂಡವಳು. ಹಸಿರು ಅರ್ತ್ ವೈರನ್ನು ಕಣ್ಣಾರೆ ನೋಡಿದ್ದು, ಅಥವಾ ಅದು ಇಲ್ಲದ್ದನ್ನು ನೋಡಿದ್ದು, ಅವತ್ತೇ ಮೊದಲು.

ಅದಕ್ಕೇ ಕರೆಂಟಿನಲ್ಲಿ ನಮ್ಮ ಕೆಲಸ ಆಫ್ ಮಾಡುವುದು ಮತ್ತು ಪರೀಕ್ಷೆ ಮಾಡುವುದು, ಅಷ್ಟಕ್ಕೇ ನಿಲ್ಲಲಿ. ಮೀಟರ್ ಬೋರ್ಡಿನ ಹತ್ತಿರ, ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್‌ಗಳ ಸಾಲಿನಲ್ಲಿ ಆರ್‌ಸಿಸಿಬಿ ಅಂತ ಇನ್ನೊಂದು ಇದೆಯಾ ನೋಡಿ, ಅದರ ಮೇಲೆ "ಟಿ" ಅಂತ ಪುಟ್ಟ ಬಟನ್ ಇರುತ್ತದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನು ಕಾಯುವುದು ಈ ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ದಾರಿ ತಪ್ಪಿದರೂ ಕಟ್ ಮಾಡಬೇಕು. ತಿಂಗಳಿಗೊಮ್ಮೆ ಆ ಬಟನ್ ಒತ್ತಿದಾಗ ಟಪ್ ಅಂತ ಮನೆಯೆಲ್ಲ ಕತ್ತಲಾಗಬೇಕು. ಆಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಆರ್‌ಸಿಸಿಬಿಯೇ ಇಲ್ಲದಿದ್ದರೆ ಓನರ್ ಜೊತೆ ಜಗಳ ಆಡಿಯಾದರೂ ಹಾಕಿಸಿಕೊಳ್ಳಿ. ನಾನು ಆಡಿದೆ. ಅರ್ಧ ದುಡ್ಡು ಅವರು, ಅರ್ಧ ನಾವು.

ಗ್ಯಾಸ್ ಕೂಡ ಹಾಗೇ. ಸಿಲಿಂಡರ್ ಬದಲಿಸಿದಾಗ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಕಡ್ಡಿ ಗೀರಿ ನೋಡುವ ಹಳೇ ಚಾಳಿ ಬಿಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಮೇಲೇ ಇಸವಿ ಇರುತ್ತದೆ. ರೆಗ್ಯುಲೇಟರ್ ಒಳಗನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಬೇಡ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಸಂಪ್ ಒಳಗೆ ಇಳಿದು ತೊಳೆಯುವುದಂತೂ ಬೇಡವೇ ಬೇಡ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ, ಒಬ್ಬರು ಬಿದ್ದರು ಅಂತ ಎತ್ತಲು ಇಳಿದವರೂ ಹೋಗುತ್ತಾರೆ.

ಒಂದು ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ. ಹೊಸ ಮನೆಯಲ್ಲಿ ಇರುವುದೆಲ್ಲ ಕಾಲು ಸುತ್ತಿಗೇ ನಿಲ್ಲುವ ಹೊಸ ಮಾದರಿ ನಲ್ಲಿಗಳು. ಅದರಲ್ಲಿ ವಾಷರ್ ಇಲ್ಲ, ಒಳಗೆ ಎರಡು ಸೆರಾಮಿಕ್ ಬಿಲ್ಲೆ ಒಂದರ ಮೇಲೊಂದು ಜಾರುತ್ತವೆ. ಚೆನ್ನಾಗೇ ಇರುತ್ತದೆ, ಕೆಡುವ ತನಕ. ನಮ್ಮದು ಕೆಟ್ಟಿತು. ಆ ಬಿಲ್ಲೆಗಳು ಕೂತಿರುವ ಒಳಗಿನ ಕಾರ್ಟ್ರಿಜ್ ತೆಗೆದುಕೊಂಡು ಮೂರು ಅಂಗಡಿ ಸುತ್ತಿದೆ. ಒಂದರಲ್ಲಿ ಹಲ್ಲು ಕೂರಲಿಲ್ಲ, ಇನ್ನೊಂದರಲ್ಲಿ ಉದ್ದ ಜಾಸ್ತಿ, ಮೂರನೆಯವರು "ಈ ಮಾಡೆಲ್ ನಿಂತುಹೋಯ್ತು ಮೇಡಂ, ನಲ್ಲಿನೇ ಹೊಸದು ಹಾಕಿಸಿಬಿಡಿ" ಅಂದರು. ಒಂದು ಬೆರಳುದ್ದದ ಸಾಮಾನಿಗೆ ಎರಡು ಕೇಜಿ ಹಿತ್ತಾಳೆ ಗುಜರಿಗೆ! ಎರಡು ಕೇಜಿ ಅನ್ನುವುದು ಸಿಟ್ಟಿನಲ್ಲಿ ಹೇಳಿದ್ದು, ಆದರೂ. ರಿಪೇರಿ ನಮ್ಮ ಹಕ್ಕು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಶುರು ಮಾಡಿತು. ಮೊಬೈಲ್, ಟ್ರ್ಯಾಕ್ಟರ್, ಕಾರು, ಫ್ರಿಜ್ಜು ಅಂತೆಲ್ಲ ಮಾತು ನಡೆಯಿತು. ನಲ್ಲಿಗೂ ಯಾರಾದರೂ ಸ್ವಲ್ಪ ಬಾಯಿ ಬಿಡಿ ಸ್ವಾಮಿ. ಸ್ಕ್ರೂ, ಬಲ್ಬು, ಅರ್ಧ ಇಂಚಿನ ಪೈಪಿಗೆಲ್ಲ ಒಂದು ಅಳತೆ ಇರುವ ಹಾಗೆ ಕಾರ್ಟ್ರಿಜ್‌ಗೂ ಒಂದೆರಡು ಅಳತೆ ಗೊತ್ತು ಮಾಡಿದರೆ ಯಾರ ಗಂಟು ಹೋಗುತ್ತದೆ?

ಹೊಸ ನಲ್ಲಿ ತಗೊಳ್ಳುವವರಿಗೆ ಒಂದು ಮಾತು: ಹೊಳಪು ನೋಡಬೇಡಿ, ಇದರ ಕಾರ್ಟ್ರಿಜ್ ನಿಮ್ಮ ಹತ್ತಿರ ಈಗ ಇದೆಯಾ, ತೋರಿಸಿ ಅಂತ ಕೇಳಿ. ತೋರಿಸಿದರೆ ನಲ್ಲಿ ಜೊತೆಗೇ ಒಂದು ತಂದಿಟ್ಟುಕೊಳ್ಳಿ.

ಸಂಪಾದಕರೇ, ನಿಮಗೂ ಒಂದು ಕೋರಿಕೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸರುಚಿ ಬರುತ್ತದೆ, ಭವಿಷ್ಯ ಬರುತ್ತದೆ, ಪದಬಂಧ ಬರುತ್ತದೆ. ಅಂಗೈಯಗಲ ಜಾಗ ಇದಕ್ಕೂ ಕೊಡಿ. ಒಂದು ವಾರ ಫ್ಲಶ್ ಟ್ಯಾಂಕ್ ಯಾಕೆ ನಿಲ್ಲುವುದಿಲ್ಲ, ಒಂದು ವಾರ ಮಳೆಗೆ ಮೊದಲು ಟೆರೇಸಿನ ಪೈಪಿನ ಬಾಯಿಂದ ಎಲೆ ತೆಗೆಯುವುದು, ಒಂದು ವಾರ ಫ್ಯಾನ್ ಯಾಕೆ ನಿಧಾನ. ಬರೆಯುವುದಕ್ಕೆ ಪಂಡಿತರು ಬೇಡ, ಹಾರ್ಡ್‌ವೇರ್ ಅಂಗಡಿಯವರನ್ನೋ ನಮ್ಮ ಪ್ಲಂಬರ್ ಅಂಥವರನ್ನೋ ಮಾತಾಡಿಸಿ, ಅವರು ಹೇಳಿದ್ದನ್ನು ಹಾಗೇ ಹಾಕಿ. ಮನೆ ಬಾಡಿಗೆಗೆ ಕೊಡುವ ಓನರ್‌ಗಳೂ ಕರಾರುಪತ್ರದ ಹಿಂದೆ ಒಂದು ಗೆರೆಚಿತ್ರ ಬರೆದುಕೊಡಲಿ, ಯಾವ ವಾಲ್ವ್ ಎಲ್ಲಿಗೆ, ಯಾವ ಎಂಸಿಬಿ ಯಾವ ರೂಮಿಗೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಳ್ಳುವಾಗ ಅಷ್ಟು ಮಾಡಬಹುದು, ಅಲ್ವಾ?

ಇದನ್ನು ಬರೆಯುವ ಹೊತ್ತಿಗೆ ನಮ್ಮ ಅಡುಗೆಮನೆ ಸಿಂಕಿನ ಹಿಂದಿನ ಗೋಡೆ ಒಂದು ತಟ್ಟೆಯಗಲ ತೇವ ಆಗಿದೆ. ಬೆರಳಿಟ್ಟರೆ ಬಣ್ಣ ಕೈಗೆ ಬರುತ್ತದೆ. ಅದು ಗೋಡೆಯ ಒಳಗಿನ ಪೈಪು, ನನ್ನ ಕೈಯಲ್ಲಾಗುವ ಕೆಲಸವಲ್ಲ. ಈ ಮನೆಯಲ್ಲೂ "ಅ" ಅಂತ ಬರೆದಿಟ್ಟ ವಾಲ್ವ್ ಮುಚ್ಚಿ, ಬಚ್ಚಲಿಂದ ಬಿಂದಿಗೆಯಲ್ಲಿ ನೀರು ತಂದು ಪಾತ್ರೆ ತೊಳೆಯುತ್ತಿದ್ದೇನೆ. ಪ್ಲಂಬರ್ ಸೋಮವಾರ ಬರ್ತೀನಿ ಅಂದಿದ್ದಾರೆ. ಬುಧವಾರ ಬಂದರೂ ನಡೆಯುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ವಿಜಯನಗರ, ಬೆಂಗಳೂರು